ಬ್ರೇಕು ಹತ್ತದ ಕಾರು

ನಮ್ಮ ಬೆಳಗಾವಿ ಸೀಮೆಯಲ್ಲಿ ಗಾಡಿ ಸರಿಯಾಗಿ ನಿಲ್ಲದಿದ್ದರೆ ‘ಬ್ರೇಕ್ ಹತ್ತೂದಿಲ್ಲ’ ಎನ್ನುತ್ತೇವೆ. ಮೈಸೂರಿನ ಕಡೆಯವರು ಅದನ್ನೇ ‘ಬ್ರೇಕ್ ಹಿಡಿಯೋದಿಲ್ಲ’ ಎನ್ನುತ್ತಾರೆ. ಖಾನಾಪುರದಲ್ಲಿ ಮರಾಠಿ ಮನೆಮಾತಿನ ಮಿಸ್ತ್ರಿ ‘ಬ್ರೇಕ್ ಲಾಗತ್ ನಾಹೀ’ ಎಂದು ತಲೆಯಾಡಿಸುತ್ತಾನೆ. ನಮ್ಮ ‘ಹತ್ತು’ವಿಗೂ ಅವನ ‘ಲಾಗಣೆ’ಗೂ ಇರುವ ನಂಟು ಬಹಳ ಸ್ವಾರಸ್ಯವಾದದ್ದು, ಆದರೆ ಅದು ಇಂದಿನ ವಿಷಯವಲ್ಲ. ಇಂದಿನ ವಿಷಯವೆಂದರೆ, ಈ ಮೂರು ಮಾತುಗಳೂ ಗಾಡಿ ನಿಲ್ಲುವುದಿಲ್ಲವೆಂದಷ್ಟೇ ಹೇಳುತ್ತವೆ, ಹೇಗೆ ನಿಲ್ಲುವುದಿಲ್ಲವೆಂಬುದನ್ನು ಹೇಳುವುದಿಲ್ಲ. ಚಿಕಿತ್ಸೆ ನಿಂತಿರುವುದು ಈ ‘ಹೇಗೆ’ ಎಂಬುದರ ಮೇಲೆ.

ಹಳಗನ್ನಡ ಕಾವ್ಯದ ಓಲೆಗರಿಯನ್ನು ಕೈಗೆತ್ತಿಕೊಂಡ ಸಂಪಾದಕನ ಮುಂದೆಯೂ ಇಂಥದೇ ಪ್ರಶ್ನೆಯಿರುತ್ತದೆ. ಪದ್ಯ ಕೆಟ್ಟಿದೆ ಎಂಬುದು ಛಂದಸ್ಸು ಬಲ್ಲ ಯಾರಿಗಾದರೂ ತಿಳಿಯುತ್ತದೆ. ಕೆಟ್ಟದ್ದು ಲಿಪಿಕಾರನ ಕೈಯಿಂದಲೋ, ಹುಳು ತಿಂದದ್ದರಿಂದಲೋ, ನಡುವೆ ಯಾರೋ ತಿದ್ದಿದ್ದರಿಂದಲೋ ಎಂಬುದನ್ನು ಮೊದಲು ಕಾಣಬೇಕು. ಅದನ್ನು ಕಾಣದೆ ತಿದ್ದಲು ಹೊರಟವನು ಇನ್ನೊಂದು ಅಪಪಾಠವನ್ನು ಸೇರಿಸಿ ಹೋಗುತ್ತಾನೆ. ಹಳೆಯ ಕಾರುಗಳಲ್ಲಿಯೂ ನಡುವೆ ಕೈಯಾಡಿಸಿದವರು ಬಹಳ ಮಂದಿ.

ನಾನು ಹೇಳಹೊರಟಿರುವ ಕಾರು ಒಂದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಎಂಬ ಕಾರು ಮುಂಬಯಿಯ ಕುರ್ಲಾದಲ್ಲಿ ತಯಾರಾಗತೊಡಗಿ, 1970ರ ದಶಕದಲ್ಲಿ ಚಿತ್ತೋರಿನ ರಾಣಿಯ ಹೆಸರನ್ನು ಹೊತ್ತು ಪದ್ಮಿನಿಯಾಯಿತು. ನಮ್ಮ ಕಾಮಶಾಸ್ತ್ರಕಾರರು ಸ್ತ್ರೀಯರಲ್ಲಿ ಪದ್ಮಿನಿಯನ್ನು ಅತ್ಯುತ್ತಮ ಜಾತಿಯವಳೆಂದು ಗಣಿಸಿದ್ದಾರೆ. ಕಾರಿಗೆ ಆ ಲಕ್ಷಣಗಳು ಎಷ್ಟರಮಟ್ಟಿಗೆ ಒಪ್ಪುತ್ತವೆಯೆಂಬುದನ್ನು ಅದರ ಗೇರನ್ನು ಬದಲಿಸಿದವರೇ ಹೇಳಬೇಕು. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿದ ಪದ್ಮಿನಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಬೆಳಗಾವಿಯ ಮನೆಗಳ ಅಂಗಳಗಳಲ್ಲಿ, ಖಾನಾಪುರದ ಹೆಂಚಿನ ಮಾಡುಗಳ ಕೆಳಗೆ ಇನ್ನೂ ಕೆಲವು ಉಳಿದಿವೆ.

ಇದರ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ, ಖಾನಾಪುರದವನು. ಕಾರು ಅವನ ತಂದೆಯದು, 1984ರಲ್ಲಿ ಕೊಂಡದ್ದು. ಡೀಸೆಲ್ಲು ಅಗ್ಗವಾಗಿದ್ದ ಕಾಲದಲ್ಲಿ ತಂದೆ ಅದರ 1089 ಸಿ.ಸಿ.ಯ ಪೆಟ್ರೋಲ್ ಎಂಜಿನನ್ನು ತೆಗೆಸಿ ಡೀಸೆಲ್ ಎಂಜಿನನ್ನು ಕೂಡಿಸಿದ್ದರು. ಆಗ ಅನೇಕರು ಹಾಗೆ ಮಾಡುತ್ತಿದ್ದರು. ಮಗನ ಕೈಗೆ ಬಂದ ಮೇಲೆ ಅಗಲವಾದ, ಎತ್ತರವಾದ ಹೊಸ ಚಕ್ರಗಳು ಬಂದವು. ಮುಂದಿನ ಎರಡು ಚಕ್ರಗಳಿಗೆ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕು ಬಂತು. ಡಿಸ್ಕು ಬಂದ ಮೇಲೆ ಬ್ರೇಕು ಇನ್ನೂ ಕಡಿಮೆಯಾಯಿತೆಂದು ಬೇರೊಂದು ಕಾರಿನ ಬೂಸ್ಟರು ಬಂತು. ಅದೂ ಸಾಲದೆಂದು ದೊಡ್ಡ ಮಾಸ್ಟರ್ ಸಿಲಿಂಡರು ಬಂತು. ಇಷ್ಟಾದ ಮೇಲೂ ಅವನ ದೂರು ಒಂದೇ: “ಸರ್, ಬ್ರೇಕ್ ಹತ್ತವಲ್ದು. ಕಾಲಾಗಿನ ಜೀವ ಹೋಗ್ತದ ನೋಡ್ರಿ.” ಗ್ಯಾರೇಜಿನಲ್ಲಿ ಇನ್ನೂ ದೊಡ್ಡ ಬೂಸ್ಟರನ್ನು ಹಾಕಿಸಬೇಕೆಂಬ ಸಲಹೆ ಬಂದಿತ್ತು. ಅವನ ತಂಗಿಯನ್ನು ಕೊಟ್ಟದ್ದು ಗೋವೆಯ ಸಾಖಳಿಗೆ. ಬಾಣಂತನಕ್ಕೆಂದು ತಾಯಿಯನ್ನು ಅಲ್ಲಿಗೆ ಕರೆದೊಯ್ಯಬೇಕಾಗಿತ್ತು. ದಾರಿ ಜಾಂಬೋಟಿ, ಕಣಕುಂಬಿಗಳ ಮೇಲೆ ಚೋರ್ಲಾ ಘಾಟಿನದು.

ಆ ಘಾಟು ಏನನ್ನು ಬೇಡುತ್ತದೆಂಬ ಲೆಕ್ಕವನ್ನು ಮೊದಲು ನೋಡೋಣ. ಮಲಪ್ರಭೆ ಹುಟ್ಟುವ ಕಣಕುಂಬಿ ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿದೆ. ನದಿಯೇನೋ ಜಾಣೆ, ಮೂಡಲಿಗೆ ಹರಿದು ನಿಧಾನವಾಗಿ ಇಳಿಯುತ್ತಾಳೆ. ಪಡುವಣಕ್ಕೆ ಹೊರಟ ಕಾರು ಕೆಲವೇ ಮೈಲಿಗಳಲ್ಲಿ ಸುಮಾರು 700 ಮೀಟರು ಇಳಿಯಬೇಕು. ಜನ, ಸಾಮಾನು ಸೇರಿ 1200 ಕಿಲೋ ತೂಗುವ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 82 ಲಕ್ಷ ಜೂಲು. ಇದು 28 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಬಚ್ಚಲುಮನೆಯ ಹಂಡೆಯನ್ನು ನೆನೆಸಿಕೊಂಡರೆ ಸಾಕು. ಗಾಳಿಯ ತಡೆ, ಟೈರಿನ ತಿಕ್ಕಾಟ, ಎಂಜಿನಿನ ಎಳೆತ ಇವು ಅದರಲ್ಲಿ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕಿನ ಪಾಲಿಗೆ. ಖಾನಾಪುರದ ಕುಂಬಾರ ತಿರುಗುವ ತಿಗರಿಯನ್ನು ಅಂಗೈಯೊತ್ತಿ ನಿಲ್ಲಿಸುವಾಗ ಅವನ ಕೈ ಬಿಸಿಯಾಗುತ್ತದಲ್ಲ, ಅದೇ ವ್ಯಾಪಾರ. ಬ್ರೇಕು ಚಲನೆಯನ್ನು ನುಂಗುವುದಿಲ್ಲ, ಶಾಖವನ್ನಾಗಿ ಮಾಡಿ ಗಾಳಿಗೆ ಬಿಡುತ್ತದೆ. ನಮ್ಮ ಭಾರತ ಕಥೆಗಳಲ್ಲಿ ರಥಗಳ ವೇಗದ ವರ್ಣನೆಗೆ ಕೊರತೆಯಿಲ್ಲ. ನಿಲ್ಲುವ ರಥವೆಂದರೆ ಥಟ್ಟನೆ ನೆನಪಾಗುವುದು ಕರ್ಣನದು, ಅದನ್ನೂ ನಿಲ್ಲಿಸಿದವಳು ಭೂಮಿ.

ಇನ್ನು ಪೆಡಲಿನ ಮಾತು. ರೋಗಿಯ ನಾಡಿಯಂತೆ ಕಾರಿನ ಬ್ರೇಕಿನ ಸ್ಥಿತಿಯೆಲ್ಲ ಪಾದದ ಕೆಳಗೆ ತಿಳಿಯುತ್ತದೆ, ತಿಳಿದುದನ್ನು ಹೇಳಲು ಮಾತು ಬೇಕು, ಅಷ್ಟೆ. ಪೆಡಲು ಬಹಳ ಕೆಳಗೆ ಹೋಗಿ, ಎರಡು ಸಲ ಪಂಪು ಮಾಡಿದರೆ ಮೇಲೆ ಬಂದು ಹತ್ತುತ್ತದೆಯೆ? ಹಾಗಿದ್ದರೆ ಡ್ರಮ್ಮಿನೊಳಗಿನ ಶೂಗಳು ಸವೆದು ದೂರ ಸರಿದಿವೆ, ಹೊಂದಿಸಿಕೊಂಡರೆ ಆಯಿತು. ಪೆಡಲು ಸ್ಪಂಜಿನಂತೆ ಮೆತ್ತಗಿದೆಯೆ? ಕೊಳವೆಯಲ್ಲಿ ಗಾಳಿ ಸೇರಿದೆ, ಇಲ್ಲವೆ ಹಳೆಯ ರಬ್ಬರಿನ ಹೋಸ್ ಪೈಪು ಒತ್ತಡಕ್ಕೆ ಉಬ್ಬುತ್ತಿದೆ. ಒತ್ತಿ ಹಿಡಿದಾಗ ನಿಧಾನವಾಗಿ ನೆಲದ ಕಡೆಗೆ ಮುಳುಗುತ್ತದೆಯೆ? ಇದು ಅಪಾಯದ ಲಕ್ಷಣ. ಆಯಿಲು ಎಲ್ಲೋ ಸೋರುತ್ತಿದೆ. ಹೊರಗೆ ಹನಿ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸೋತಿದೆ. ಅಂಥ ಗಾಡಿಯನ್ನು ಮನೆಯಿಂದ ಹೊರಗೆ ತೆಗೆಯಬಾರದು. ಕಾಲಿನ ಕೆಳಗೆ ಪೆಡಲು ಮಿಡಿಯುತ್ತಿದ್ದರೆ ಡ್ರಮ್ಮು ದುಂಡಗೆ ಉಳಿದಿಲ್ಲ, ಲೇಥಿಗೆ ಹಾಕಿಸಬೇಕು. ಗಾಡಿ ಒಂದು ಮಗ್ಗುಲಿಗೆ ಎಳೆದರೆ ಒಂದು ಚಕ್ರದ ಲೈನರಿಗೆ ಗ್ರೀಸೋ ಆಯಿಲೋ ತಗಲಿರಬಹುದು, ಅಥವಾ ಒಂದು ಚಕ್ರದ ಸಿಲಿಂಡರು ತುಕ್ಕು ಹಿಡಿದು ಕೂತಿರಬಹುದು.

ನಮ್ಮ ಹುಡುಗನ ಪೆಡಲು ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಅದು ಎತ್ತರದಲ್ಲಿತ್ತು, ಮುಳುಗುತ್ತಿರಲಿಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎಷ್ಟು ತುಳಿದರೂ ಗಾಡಿ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಹೋಗುತ್ತಿತ್ತು. ‘ಬ್ರೇಕು ಕಡಿಮೆ’ ಎಂಬ ಒಂದೇ ಮಾತನ್ನು ಬಿಟ್ಟು ‘ಪೆಡಲು ಎತ್ತರ, ಗಟ್ಟಿ, ಗಾಡಿ ನೇರವಾಗಿ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ’ ಎಂದು ಬರೆದುಕೊಂಡೊಡನೆ ಅರ್ಧ ಕೆಲಸ ಮುಗಿಯಿತು. ಸೋರಿಕೆಯಿಲ್ಲ, ಗಾಳಿಯಿಲ್ಲ, ಶೂಗಳು ದೂರವಿಲ್ಲ. ಕಾಲಿನ ಬಲ ಚಕ್ರವನ್ನು ಮುಟ್ಟುವಷ್ಟರಲ್ಲಿ ದುಡ್ಡಿನಂತೆ ಎಲ್ಲೋ ಕರಗುತ್ತಿದೆ. ಎಲ್ಲಿ ಎಂಬುದಷ್ಟೇ ಉಳಿದ ಪ್ರಶ್ನೆ.

ಬ್ಲೇಸ್ ಪಾಸ್ಕಲನನ್ನು ನಾವು ಸಾಹಿತ್ಯದವರು ಅವನ ಧಾರ್ಮಿಕ ಚಿಂತನೆಗಳಿಂದ ಬಲ್ಲೆವು. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಎಲ್ಲಿಯೇ ಒತ್ತಿದರೂ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ 17ನೆಯ ಶತಮಾನದ ಅವನ ತತ್ತ್ವವೇ ಕಾರಿನ ಬ್ರೇಕಿನ ಆಧಾರ. ಆದರೆ ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಕಾಲಿನಿಂದ 20 ಕಿಲೋ ಭಾರ ಹಾಕಿದೆವೆನ್ನಿ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ ಮಾಸ್ಟರ್ ಸಿಲಿಂಡರಿನ ಮೇಲೆ 100 ಕಿಲೋ ಬೀಳುತ್ತದೆ. ಸಿಲಿಂಡರಿನ ವ್ಯಾಸ 19 ಮಿಲಿಮೀಟರಾದರೆ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಒತ್ತಡ ಹುಟ್ಟುತ್ತದೆ. ವ್ಯಾಸ 22 ಆದರೆ 26 ಮಾತ್ರ. ಮೂರೇ ಮಿಲಿಮೀಟರಿನ ಹೆಚ್ಚಳಕ್ಕೆ ಕಾಲುಭಾಗದಷ್ಟು ಒತ್ತಡ ಹೋಯಿತು! ದೊಡ್ಡ ಸಿಲಿಂಡರು ಒಂದೇ ತುಳಿತಕ್ಕೆ ಹೆಚ್ಚು ಆಯಿಲನ್ನು ತಳ್ಳುತ್ತದೆ, ಆದ್ದರಿಂದ ಪೆಡಲು ಎತ್ತರದಲ್ಲಿಯೇ ಗಟ್ಟಿಯಾಗಿ ನಿಲ್ಲುತ್ತದೆ. ಗಟ್ಟಿ ಪೆಡಲನ್ನು ಜನ ಒಳ್ಳೆಯ ಬ್ರೇಕಿನ ಗುರುತೆಂದು ತಿಳಿಯುತ್ತಾರೆ. ದೊಡ್ಡದೆಲ್ಲ ಬಲವಾದದ್ದೆಂಬ ನಂಬಿಕೆ ಮಹಾಕಾವ್ಯಗಳಲ್ಲಿಯೇ ಸುಳ್ಳಾಗಿರುವಾಗ ಯಂತ್ರಗಳಲ್ಲಿ ನಿಜವಾಗಬೇಕಾಗಿಲ್ಲ.

ಡಿಸ್ಕು ಹಾಕಿಸಿದ ಮೇಲೆ ಬ್ರೇಕು ಕಡಿಮೆಯಾದದ್ದಕ್ಕೂ ಕಾರಣವುಂಟು. ಡ್ರಮ್ಮಿನೊಳಗಿನ ಮುಂದಿನ ಶೂಗೆ ಒಂದು ಗುಣವಿದೆ. ತಿರುಗುವ ಡ್ರಮ್ಮು ಅದನ್ನು ತನ್ನೊಡನೆ ಎಳೆದು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಬಾಗಿಲ ಸಂದಿನಲ್ಲಿ ಸಿಕ್ಕಿಸಿದ ಬೆಣೆ ಬಾಗಿಲನ್ನು ತಳ್ಳಿದಷ್ಟೂ ಬಿಗಿಯುವುದಿಲ್ಲವೆ, ಹಾಗೆ. ಡಿಸ್ಕಿಗೆ ಈ ಉಪಕಾರ ಬುದ್ಧಿಯಿಲ್ಲ. ಕೊಟ್ಟಷ್ಟೇ ಬಲಕ್ಕೆ ಅದು ಕೆಲಸ ಮಾಡುತ್ತದೆ. ಅದರ ಹಿರಿಮೆ ಬೇರೆ. ಗಾಳಿಗೆ ತೆರೆದಿರುವುದರಿಂದ ಅದು ಬೇಗ ತಣಿಯುತ್ತದೆ, ನೀರು ತಗಲಿದರೆ ಬೇಗ ಒಣಗುತ್ತದೆ. ಜಾಂಬೋಟಿಯ ಮಳೆಗೂ ಚೋರ್ಲಾದ ಇಳಿಜಾರಿಗೂ ಅದು ಒಳ್ಳೆಯದೇ. ಆದರೆ ಅದಕ್ಕೆ ಹೆಚ್ಚು ಒತ್ತಡ ಬೇಕು, ಆದ್ದರಿಂದ ಬೂಸ್ಟರು ಬೇಕು.

ಈ ಕಾರಿಗೆ ಬೂಸ್ಟರು ಇತ್ತಲ್ಲ ಎಂದು ಕೇಳುವಿರಿ. ಇತ್ತು. ಅದು ಜೀವಂತವಾಗಿದೆಯೆ ಎಂದು ಯಾರೂ ನೋಡಿರಲಿಲ್ಲ. ನೋಡುವ ವಿಧಾನ ಸುಲಭ, ಒಂದು ಸ್ಪ್ಯಾನರೂ ಬೇಡ. ಎಂಜಿನನ್ನು ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿಯಬೇಕು. ಆಮೇಲೆ ಅದನ್ನು ಒತ್ತಿ ಹಿಡಿದುಕೊಂಡೇ ಎಂಜಿನನ್ನು ಚಾಲೂ ಮಾಡಬೇಕು. ಬೂಸ್ಟರು ಸರಿಯಾಗಿದ್ದರೆ ಪೆಡಲು ಕಾಲಿನ ಕೆಳಗೆ ತುಸು ಜಗ್ಗುತ್ತದೆ. ಟಿಳಕವಾಡಿಯ ನನ್ನ ಮನೆಯ ಮುಂದೆ ಇದನ್ನು ಮಾಡಿ ನೋಡಿದೆವು. ಪೆಡಲು ಅಲುಗಲಿಲ್ಲ.

ಬೂಸ್ಟರೆಂಬುದು ನಡುವೆ ಪರದೆಯಿರುವ ಒಂದು ಡಬ್ಬಿ. ಪರದೆಯ ಒಂದು ಬದಿಯ ಗಾಳಿಯನ್ನು ಹೀರಿ ತೆಗೆದರೆ, ಬ್ರೇಕು ತುಳಿದಾಗ ಇನ್ನೊಂದು ಬದಿಗೆ ನುಗ್ಗುವ ಹೊರಗಿನ ಗಾಳಿ ಅದನ್ನು ಒತ್ತುತ್ತದೆ. 20 ಸೆಂಟಿಮೀಟರ್ ವ್ಯಾಸದ ಪರದೆಯ ಮೇಲೆ, ವಾಯುಭಾರದ ಸುಮಾರು ಅರುವತ್ತು ಪಾಲು ಸಿಕ್ಕರೂ, 190 ಕಿಲೋದಷ್ಟು ಬಲ ಬರುತ್ತದೆ. ನಮ್ಮ ಕಾಲಿನ 100 ಕಿಲೋಗೆ ಅದು ಸೇರುತ್ತದೆ. ಗಾಳಿಯನ್ನು ಹೀರುವವರು ಯಾರು? ಪೆಟ್ರೋಲ್ ಎಂಜಿನಿನ ಉಸಿರುಗೊಳವೆಯಲ್ಲಿ ತಗಡಿನ ಒಂದು ಪುಟ್ಟ ಕದವಿರುತ್ತದೆ. ಆಕ್ಸಲರೇಟರಿನಿಂದ ಕಾಲು ತೆಗೆದಾಗ ಆ ಕದ ಮುಚ್ಚಿಕೊಳ್ಳುತ್ತದೆ, ಎಂಜಿನು ಉಸಿರಿಗಾಗಿ ಎಳೆಯುತ್ತದೆ, ಕದದ ಹಿಂದೆ ನಿರ್ವಾತ ಉಂಟಾಗುತ್ತದೆ. ಬೂಸ್ಟರಿನ ನಳಿಗೆಯನ್ನು ಅಲ್ಲಿಗೆ ಜೋಡಿಸುತ್ತಾರೆ. ಅಂಥ ಹಳೆಯ ಡೀಸೆಲ್ ಎಂಜಿನಿಗಾದರೋ ಈ ಕದವೇ ಇಲ್ಲ. ಅದು ಸದಾ ತುಂಬು ಉಸಿರು ತೆಗೆದುಕೊಳ್ಳುತ್ತದೆ, ಕಡಿಮೆ ಹೆಚ್ಚು ಮಾಡುವುದು ಎಣ್ಣೆಯನ್ನು ಮಾತ್ರ. ಆದ್ದರಿಂದ ಅದರ ಉಸಿರುಗೊಳವೆಯಲ್ಲಿ ಹೇಳಿಕೊಳ್ಳುವಂಥ ನಿರ್ವಾತವಿಲ್ಲ. ಡೀಸೆಲ್ ಕಾರುಗಳಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕವಾದ ವ್ಯಾಕ್ಯೂಮ್ ಪಂಪು ಇರುತ್ತದೆ. ಅನೇಕ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ನಮ್ಮ ಹುಡುಗನ ಕಾರಿನಲ್ಲಿ ಪೆಟ್ರೋಲ್ ಕಾರಿನ ಬೂಸ್ಟರನ್ನು ತಂದು, ಪೆಟ್ರೋಲ್ ಕಾರಿನ ರೀತಿಯಲ್ಲಿಯೇ, ನಳಿಗೆಯನ್ನು ಡೀಸೆಲ್ ಎಂಜಿನಿನ ಉಸಿರುಗೊಳವೆಗೆ ಸಿಕ್ಕಿಸಿದ್ದರು. ಬತ್ತಿದ ಬಾವಿಗೆ ಹೊಸ ಹಗ್ಗ ಕಟ್ಟಿದಂತೆ. ಅಲ್ಲಿಗೆ ಎಷ್ಟು ದೊಡ್ಡ ಬೂಸ್ಟರನ್ನು ತಂದಿದ್ದರೂ ಫಲ ಇಷ್ಟೇ.

ಚಕ್ರಗಳ ಪಾಲೂ ಇತ್ತು. ಟೈರು ಹತ್ತನೆಯ ಒಂದು ಪಾಲು ಎತ್ತರವಾದರೆ, ಅದೇ ಬ್ರೇಕು ರಸ್ತೆಯ ಮೇಲೆ ಹಾಕುವ ತಡೆ ಸರಿಸುಮಾರು ಅಷ್ಟೇ ಪಾಲು ಇಳಿಯುತ್ತದೆ. ಹೀಗೆ ಒಳಿತಿಗೆಂದು ಮಾಡಿದ ನಾಲ್ಕು ಬದಲಾವಣೆಗಳಲ್ಲಿ ಪ್ರತಿಯೊಂದೂ ಕಾಲಿನ ಬಲವನ್ನು ಸ್ವಲ್ಪ ಸ್ವಲ್ಪವಾಗಿ ತಿಂದಿತ್ತು.

ಖಾನಾಪುರದ ಹಿರಿಯ ಮಿಸ್ತ್ರಿಯೊಬ್ಬರು ಕೆಲಸ ಹಿಡಿದರು. ನಾನು ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಓದಿಸಿ ಕೇಳಿ, “ಹಿಂಗ ಬರ್ಕೊಂಡು ಯಾರೂ ಬರೂದಿಲ್ಲರಿ ಸರ, ಎಲ್ಲಾರೂ ಬ್ರೇಕ್ ಇಲ್ಲ ಅಂತಾರ, ಅಷ್ಟ” ಎಂದರು. ಪಂಪಿರುವ ಆಲ್ಟರ್ನೇಟರನ್ನು ಹುಡುಕಿ ತಂದು ಕೂಡಿಸಿದರು. ನಡುವೆ ಗಾಳಿ ಹಿಂದಕ್ಕೆ ಬಾರದಂತೆ ಒಮ್ಮುಖದ ಕವಾಟವಿಟ್ಟರು. ಮಾಸ್ಟರ್ ಸಿಲಿಂಡರನ್ನು ಬದಲಿಸುವಾಗ ವ್ಯಾಸವನ್ನು ಇಳಿಸಿದ್ದಲ್ಲದೆ, ಎರಡು ಕೋಣೆಗಳಿರುವುದನ್ನೇ ಹಾಕಿದರು. ಇದನ್ನು ನಾನು ಡಿಸ್ಕಿಗಿಂತ ಮೇಲಿನ ಸುಧಾರಣೆಯೆಂದು ತಿಳಿಯುತ್ತೇನೆ. ಹಳೆಯ ಪದ್ಮಿನಿಯಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಆಯಿಲಿನ ಒಂದೇ ಸಾಲು. ಎಲ್ಲಿ ಒಂದು ಕೊಳವೆ ಒಡೆದರೂ ನಾಲ್ಕೂ ಹೋದವು, ಉಳಿಯುವುದು ಕೈಬ್ರೇಕು. ಎರಡು ಕೋಣೆಯಾದರೆ ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಡ್ರಮ್ಮಿನ ಸಾಲಿನಲ್ಲಿ ಸ್ವಲ್ಪ ಒತ್ತಡವನ್ನು ಸದಾ ಉಳಿಸುವ ಸಣ್ಣ ಕವಾಟವೊಂದು ಇರುತ್ತದೆ. ಡಿಸ್ಕಿನ ಸಾಲಿನಲ್ಲಿ ಅದೇ ಉಳಿದುಬಿಟ್ಟರೆ ಪ್ಯಾಡುಗಳು ಸದಾ ಉಜ್ಜುತ್ತ ಕಾಯುತ್ತವೆ. ಅದನ್ನೂ ನೋಡಿ ತೆಗೆದರು. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಬಿಗಿದು ನಿಲ್ಲಬಾರದೆಂಬುದು ಇನ್ನೊಂದು ಎಚ್ಚರ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಗುರಾದ ಹಿಂಭಾಗ ಬಿಗಿದುಕೊಂಡರೆ ಗಾಡಿ ಬುಗುರಿಯಾಗುತ್ತದೆ. ಖಾಲಿ ಬಯಲಿನಲ್ಲಿ ನಿಧಾನದ ವೇಗದಲ್ಲಿ ಇದನ್ನು ಪರೀಕ್ಷಿಸಿದ ಮೇಲೆಯೇ ರಸ್ತೆಗೆ ಬಿಡಬೇಕು. ಹಳೆಯ ಅಳತೆಯ ಟೈರುಗಳಿಗೆ ಮರಳಲು ಹುಡುಗ ಒಪ್ಪಲು ಒಂದು ವಾರ ಬೇಕಾಯಿತು.

ಆಯಿಲಿನ ವಿಷಯದಲ್ಲಿ ಬೆಳಗಾವಿಯವರಿಗೆಂದೇ ಒಂದು ಮಾತು ಹೇಳಬೇಕು. ನಮ್ಮದು ಎರಕದ ಕಾರ್ಖಾನೆಗಳ ಊರು, ಹೈಡ್ರಾಲಿಕ್ ಯಂತ್ರಭಾಗಗಳ ಊರು. ಉದ್ಯಮಬಾಗದಲ್ಲಿ, ಮಚ್ಛೆಯಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಹೈಡ್ರಾಲಿಕ್ ಆಯಿಲಿನ ಡಬ್ಬಿ ಸಿಗುವುದು ಆಶ್ಚರ್ಯವಲ್ಲ. ತತ್ತ್ವ ಎರಡೂ ಕಡೆ ಪಾಸ್ಕಲನದೇ, ಆದರೆ ಎಣ್ಣೆ ಒಂದೇ ಅಲ್ಲ. ಖನಿಜತೈಲವನ್ನು ಬ್ರೇಕಿಗೆ ಹಾಕಿದರೆ ಸಿಲಿಂಡರುಗಳೊಳಗಿನ ರಬ್ಬರುಗಳು ಉಬ್ಬಿ ಮೆತ್ತಗಾಗಿ ಕೈಕೊಡುತ್ತವೆ. ಬ್ರೇಕ್ ಆಯಿಲು ಗ್ಲೈಕಾಲಿನಿಂದಾದದ್ದು. ಅದರ ದೋಷವೆಂದರೆ ಗಾಳಿಯ ತೇವವನ್ನು ಕುಡಿಯುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯದು, ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಖಾನಾಪುರದ ಪಡುವಣ ಭಾಗದ ಮಳೆಗಾಲವನ್ನು ಕಂಡವರು ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುವುದು ಲೇಸು. ಆಯಿಲು ಕುದಿದರೆ ಆವಿಯಾಗುತ್ತದೆ, ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಪೆಡಲು ನೆಲ ಮುಟ್ಟುತ್ತದೆ. ಲೈನರು ಕಾದು ಸೋತಾಗ ಹೀಗಾಗುವುದಿಲ್ಲ. ಪೆಡಲು ಗಟ್ಟಿಯಾಗಿಯೇ ಇದ್ದು ಹಿಡಿತ ಮಾತ್ರ ಹೋಗುತ್ತದೆ. ಘಾಟಿನ ನಡುವೆ ಎರಡರ ವ್ಯತ್ಯಾಸವನ್ನು ಕಾಲು ಗುರುತಿಸಬೇಕು. ಎರಡಕ್ಕೂ ಕಡಿಮೆ ಗೇರು, ನಿಲುಗಡೆ, ಅರ್ಧ ಗಂಟೆಯ ತಾಳ್ಮೆ ಬೇಕು. ಕಾದ ಡ್ರಮ್ಮಿಗೆ ನೀರು ಸುರಿಯಬಾರದು, ಎರಕದ ಕಬ್ಬಿಣ ಬಿರಿಯುತ್ತದೆ. ಹಳೆಯ ಲೈನರುಗಳ ಧೂಳನ್ನು ಗಾಳಿ ಊದಿ ತೆಗೆಯುವ ರೂಢಿಯನ್ನೂ ಬಿಡಬೇಕು. ಅದರಲ್ಲಿ ಕಲ್ನಾರು ಇರುವ ಸಂಭವವುಂಟು, ಶ್ವಾಸಕೋಶಕ್ಕೆ ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸುವುದು ಕ್ಷೇಮ.

ಕಾನೂನಿನ ಮಾತನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಎಂಜಿನು ಬದಲಾಗಿದ್ದರೆ ಅದು ಪತ್ರದಲ್ಲಿ ಸೇರಿರಬೇಕು. ಹುಡುಗನ ತಂದೆ ಅದನ್ನು ಆಗಲೇ ಮಾಡಿಸಿದ್ದರು.

ಕೆಲಸ ಮುಗಿದ ಮೇಲೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಾಕಿ ಹೆಜ್ಜೆಯಲ್ಲಿ ಅಳೆದೆವು. ಮೊದಲು ಇಪ್ಪತ್ತು ಹೆಜ್ಜೆ ಓಡಿ ನಿಲ್ಲುತ್ತಿದ್ದ ಗಾಡಿ ಹತ್ತರೊಳಗೆ ನಿಂತಿತು. ವೇಗ ಇಮ್ಮಡಿಯಾದರೆ ಈ ದೂರ ನಾಲ್ಮಡಿಯಾಗುತ್ತದೆಂಬುದನ್ನು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಘಾಟಿನ ಇಳಿಜಾರು ಆರಂಭವಾಗುವ ಮೊದಲೇ ಗೇರು ಇಳಿಸಬೇಕು, ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ. ಪೆಟ್ರೋಲ್ ಎಂಜಿನಿನ ಮುಚ್ಚಿದ ಕದ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆಳೆಯುತ್ತದೆ. ಕದವಿಲ್ಲದ ಡೀಸೆಲ್ಲಿನಿಂದ ಆ ನೆರವು ಸಿಗದು, ಆದ್ದರಿಂದ ಇನ್ನೂ ಒಂದು ಗೇರು ಕೆಳಗಿದ್ದರೂ ತಪ್ಪಿಲ್ಲ. ಕಾಲನ್ನು ಪೆಡಲಿನ ಮೇಲೆ ಮಲಗಿಸಿಕೊಂಡು ಇಳಿಯುವುದಕ್ಕಿಂತ, ಒಮ್ಮೆ ಬಲವಾಗಿ ಒತ್ತಿ ವೇಗ ತಗ್ಗಿಸಿ ಬಿಟ್ಟರೆ ಬ್ರೇಕಿಗೆ ನಡುನಡುವೆ ತಣಿಯಲು ಬಿಡುವು ಸಿಗುತ್ತದೆ. ಡೀಸೆಲ್ಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನನ್ನು ಆರಿಸಿ ಗಾಡಿಯನ್ನು ಜಾರಬಿಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಈ ಕಾರಿನಲ್ಲಿ ಹಾಗೆ ಮಾಡುವಂತಿಲ್ಲ. ಎಂಜಿನು ನಿಂತರೆ ಪಂಪು ನಿಲ್ಲುತ್ತದೆ, ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ತುಳಿತಗಳಿಗೆ ಸಾಕು, ನಾಲ್ಕನೆಯ ತುಳಿತಕ್ಕೆ ಪೆಡಲು ಮತ್ತೆ ಕಲ್ಲಾಗುತ್ತದೆ.